ರೀಸ್ಟಾರ್ಟ್‌ಗೆ ಕೈ ಹಾಕುವ ಮುನ್ನ

ಸೈಟ್ ತೆರೆಯದಿದ್ದರೆ ಎಲ್ಲರೂ ಹೇಳುವುದು "ಸರ್ವರ್ ಡೌನ್" ಅಂತ. ಸರ್ವರ್ ನೋಡಿಕೊಳ್ಳುವ ನಮಗೆ ಅಷ್ಟು ಸಾಲದು. ಎಲ್ಲಿ ಡೌನ್ ಎನ್ನುವುದೇ ನಮ್ಮ ಅರ್ಧ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳಿಕೊಡುವುದು ಇಷ್ಟು.

1. ದೋಷದ ಸಂಖ್ಯೆ ಓದಿ. 502 ಬಂದರೆ ಮುಂದಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಬದುಕಿದೆ, ಹಿಂದಿರುವ ಅಪ್ಲಿಕೇಶನ್ ಸರಿಯಾದ ಉತ್ತರ ಕೊಟ್ಟಿಲ್ಲ ಎಂದರ್ಥ. 504 ಆದರೆ ಉತ್ತರ ಸಮಯಕ್ಕೆ ಬರಲಿಲ್ಲ. ಯಾವ ಸಂಖ್ಯೆಯೂ ಕಾಣದೆ ಸೈಟಿನ ಹೆಸರೇ ಸಿಗುತ್ತಿಲ್ಲವಾದರೆ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್ಎಸ್ ಕಡೆ ಹೋಗಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆಪ್ ಸುಮಾರು ಆರು ಗಂಟೆ ನಿಂತವಲ್ಲ, ಅಂದು ಅವರ ಡಿಎನ್ಎಸ್ ಯಂತ್ರಗಳು ನಡೆಯುತ್ತಲೇ ಇದ್ದವು. ಅವುಗಳನ್ನು ತಲುಪುವ ದಾರಿಯೇ ಇಂಟರ್ನೆಟ್ಟಿನಿಂದ ಅಳಿಸಿಹೋಗಿತ್ತು.

2. ಮೊದಲು ಲಾಗ್, ಆಮೇಲೆ ರೀಸ್ಟಾರ್ಟ್. ರೀಸ್ಟಾರ್ಟ್ ಮಾಡಿದರೆ ಸೈಟ್ ಏಳಬಹುದು, ಆದರೆ ಆ ಗಳಿಗೆಯಲ್ಲಿ ಮೆಮೊರಿ ಏನಾಗಿತ್ತು, ಯಾವ ಪ್ರೋಸೆಸ್ ಸಿಕ್ಕಿಹಾಕಿಕೊಂಡಿತ್ತು ಎಂಬ ಸುಳಿವು ಹೋಗಿಬಿಡುತ್ತದೆ. ಲಾಗ್ ಜೊತೆಗೆ ಡಿಸ್ಕ್ ಕೂಡ ನೋಡಿ. ಲಾಗ್ ಫೈಲುಗಳೇ ಬೆಳೆದು ಡಿಸ್ಕ್ ತುಂಬಿದರೆ ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸುತ್ತದೆ.

3. ಜನ ನುಗ್ಗುವ ದಿನಕ್ಕೆ ದೊಡ್ಡ ಯಂತ್ರವೊಂದೇ ಉತ್ತರವಲ್ಲ. ಅಪಾಚೆ ವೆಬ್ ಸರ್ವರ್‌ನ ಹಳೆಯ ಪದ್ಧತಿಯಲ್ಲಿ ಒಂದೊಂದು ಸಂಪರ್ಕಕ್ಕೂ ಒಂದೊಂದು ಪ್ರೋಸೆಸ್ ಬೇಕು. ಇಗೊರ್ ಸಿಸೊಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಕೆಲವೇ ಪ್ರೋಸೆಸ್‌ಗಳಲ್ಲಿ ಸಾವಿರಾರು ಸಂಪರ್ಕ ನಿಭಾಯಿಸುತ್ತದೆ. ಹಾಗಾಗಿ ಈಗ ಮೊದಲು ಏದುಸಿರು ಬಿಡುವುದು ಹೆಚ್ಚಾಗಿ ಡೇಟಾಬೇಸ್. ಮೈಎಸ್‌ಕ್ಯೂಎಲ್ ತಾನಾಗಿ ಒಪ್ಪುವುದು 151 ಸಂಪರ್ಕ. ಆ ಅಂಕಿಯನ್ನು ಸಾವಿರಕ್ಕೆ ಏರಿಸುವುದು ಸುಲಭ, ಆದರೆ ಪ್ರತಿ ಸಂಪರ್ಕವೂ ಮೆಮೊರಿ ತಿನ್ನುತ್ತದೆ. ನಿಧಾನದ ಕ್ವೆರಿ ಹಾಗೇ ಉಳಿದರೆ ಸಾಲು ಉದ್ದವಾಗುತ್ತದೆ, ಅಷ್ಟೇ.

ಎಸ್ಸೆಸ್ಸೆಲ್ಸಿ ಫಲಿತಾಂಶದಂಥ ದಿನವನ್ನು ಯೋಚಿಸಿ. ಲಕ್ಷಾಂತರ ಮಕ್ಕಳು ಒಂದೇ ಹೊತ್ತಿಗೆ ರಿಜಿಸ್ಟರ್ ನಂಬರ್ ಹಾಕುತ್ತಾರೆ. ಅಂಕಗಳು ಆ ದಿನ ಬದಲಾಗುವುದಿಲ್ಲ. ಹಾಗಿದ್ದ ಮೇಲೆ ಪ್ರತಿ ಮಗುವಿಗೂ ಡೇಟಾಬೇಸ್ ಕದ ತಟ್ಟುವುದೇಕೆ? ಫಲಿತಾಂಶಗಳನ್ನು ಮೊದಲೇ ಮೆಮೊರಿಯಲ್ಲಿ ಡೇಟಾ ಇಡುವ ರೆಡಿಸ್‌ನಲ್ಲೋ ಸಿದ್ಧ ಫೈಲುಗಳಲ್ಲೋ ಇಟ್ಟರೆ ಸಾಧಾರಣ ಯಂತ್ರವೂ ತಡೆದುಕೊಳ್ಳುತ್ತದೆ. ಕಾಯುತ್ತಿರುವುದು ಮಕ್ಕಳು. ಈ ಸಿದ್ಧತೆ ಮಾಡದೆ ಇರುವುದಕ್ಕೆ ನೆಪ ಹೇಳುವ ಹಾಗಿಲ್ಲ.

4. ಸೈಟಿನ ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ಅವಧಿ ಗಮನಿಸಿ. ಸರ್ಟ್‌ಬಾಟ್ ಎಂಬ ಸಾಧನ ಅದನ್ನು ತಾನೇ ನವೀಕರಿಸುತ್ತದೆ, ನಿಜ. ಆದರೆ ಎಂಜಿನ್‌ಎಕ್ಸ್ ರೀಲೋಡ್ ಆಗುವವರೆಗೆ ಹಳೆಯ ಪ್ರಮಾಣಪತ್ರವನ್ನೇ ತೋರಿಸುತ್ತಿರುತ್ತದೆ.

5. ಬ್ಯಾಕಪ್ ಇದೆ ಎಂಬ ಮಾತನ್ನು ನಂಬಬೇಡಿ, ಮರಳಿ ತುಂಬಿಸಿ ನೋಡಿ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಮುಖ್ಯ ಡೇಟಾಬೇಸ್ ಕಣ್ತಪ್ಪಿನಿಂದ ಅಳಿಸಿಹೋಯಿತು. ಬ್ಯಾಕಪ್‌ಗೆಂದು ಹಲವು ವ್ಯವಸ್ಥೆ ಮಾಡಿಕೊಂಡಿದ್ದರೂ ಬೇಕಾದಾಗ ಅವು ನೆರವಿಗೆ ಬರಲಿಲ್ಲ. ಉಳಿಸಿದ್ದು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್. ನಡೆದದ್ದನ್ನೆಲ್ಲ ಆ ಕಂಪನಿ ಮುಚ್ಚಿಡದೆ ಬರೆದು ಪ್ರಕಟಿಸಿತು, ಅದಕ್ಕೆ ನನ್ನ ಗೌರವವಿದೆ.

ನಿಮ್ಮ ಕೈಯಲ್ಲಿ ಒಂದು ಸೈಟ್ ಇದ್ದರೆ, ಈ ವಾರವೇ ಅದರ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತುಂಬಿಸಿ. ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬರೆದಿಡಿ.