ಅಳತೆಯೂ ತೂಕವೂ: ಅಡಾ ಗಣಕಭಾಷೆಯ ಮೊದಲ ಪಾಠ

ನಮ್ಮ ಹಿರಿಯರ ಕಾಲದಲ್ಲಿ ‘ಸೇರು’ ಎಂಬ ಒಂದೇ ಮಾತು ಎರಡು ಕೆಲಸಗಳನ್ನು ಮಾಡುತ್ತಿದ್ದಿತು. ಅಕ್ಕಿ, ರಾಗಿಗಳನ್ನು ಅಳೆಯುವ ಪಾತ್ರೆಯೂ ಸೇರು. ಬೆಲ್ಲ, ಹುಣಿಸೆಹಣ್ಣುಗಳನ್ನು ತೂಗುವ ಕಲ್ಲೂ ಸೇರು. ಯಾವ ಸೇರೆಂದು ವಿಚಾರಿಸದೆ ಲೆಕ್ಕ ಬರೆದವನು ನಷ್ಟಕ್ಕೆ ಗುರಿಯಾಗುತ್ತಿದ್ದನು. ಅಂಗಡಿಯ ತಪ್ಪನ್ನು ಮರುದಿನ ತಿದ್ದಿಕೊಳ್ಳಬಹುದು. ಔಷಧದ ತಪ್ಪು ಹಾಗಲ್ಲ.

ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ದ್ರವವನ್ನೇ ನೋಡೋಣ. ಒಂದು ಸೀಸೆಯಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಔಷಧವಿರುತ್ತದೆ. ಇನ್ನೊಂದರಲ್ಲಿ ಅಷ್ಟೇ ದ್ರವಕ್ಕೆ 250 ಮಿಲಿಗ್ರಾಂ. ಚಮಚ ಅದೇ, ಆದರೆ ಮಗುವಿನ ಹೊಟ್ಟೆ ಸೇರುವ ಔಷಧ ಇಮ್ಮಡಿ. ಔಷಧದ ಪ್ರಮಾಣ ಮಿಲಿಗ್ರಾಮಿನಲ್ಲಿ, ನಾವು ಅಳೆದು ಕೊಡುವುದು ಮಿಲಿಲೀಟರಿನಲ್ಲಿ. ಸಂಖ್ಯೆ ಮಾತ್ರ ನೆನಪಿನಲ್ಲುಳಿದು ಅದರ ‘ಬಗೆ’ ಮರೆತುಹೋದರೆ ಅಪಾಯ ಬಾಗಿಲಿಗೆ ಬಂದಂತೆಯೇ.

ಗಣಕಯಂತ್ರಕ್ಕೂ ಇದೇ ಮಾತು ಸಲ್ಲುತ್ತದೆ. ಅದರ ಒಡಲಿನಲ್ಲಿ ಎಲ್ಲವೂ ಸೊನ್ನೆ ಮತ್ತು ಒಂದರ ಸಾಲುಗಳೇ. ಯಾವುದು ತೂಕ, ಯಾವುದು ಅಳತೆ ಎಂಬುದನ್ನು ನಾವೇ ತಿಳಿಸಬೇಕು. ಅದನ್ನು ಕಟ್ಟುನಿಟ್ಟಾಗಿ ಕೇಳಿ ಪಡೆಯುವ ಭಾಷೆಗಳಲ್ಲಿ ಅಡಾ ಪ್ರಮುಖವಾದುದು.

ಭಾಷೆಯ ಹಿನ್ನೆಲೆ

ಅಮೆರಿಕದ ರಕ್ಷಣಾ ಇಲಾಖೆಗಾಗಿ ಜೀನ್ ಇಶ್ಬಿಯಾ ಅವರ ನೇತೃತ್ವದಲ್ಲಿ ಫ್ರಾನ್ಸಿನ ತಂಡವೊಂದು ಈ ಭಾಷೆಯನ್ನು ರೂಪಿಸಿತು. 1843ರಲ್ಲಿ ಚಾರ್ಲ್ಸ್ ಬ್ಯಾಬೇಜರ ಯಂತ್ರದ ಕುರಿತು ಪ್ರಸಿದ್ಧ ಟಿಪ್ಪಣಿಗಳನ್ನು ಪ್ರಕಟಿಸಿದ ಅಡಾ ಲವ್‌ಲೇಸ್ ಅವರ ಹೆಸರನ್ನು ಇದಕ್ಕಿಟ್ಟರು. ಅವರು ಜನಿಸಿದ್ದು 1815ರಲ್ಲಿ. ಭಾಷೆಯ ಸೈನಿಕ ಮಾನಕಕ್ಕೂ 1815 ಎಂಬ ಸಂಖ್ಯೆಯನ್ನೇ ಕೊಡಲಾಯಿತು. ಕ್ರಮವಿಧಿಯನ್ನು ಯಂತ್ರಭಾಷೆಗೆ ತಿರುಗಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಗ್ನ್ಯಾಟ್ ಎಂಬ ಅಡಾ ಕಂಪೈಲರ್ ಉಚಿತವಾಗಿ ದೊರೆಯುತ್ತದೆ.

ಬಗೆಯ ಘೋಷಣೆ

ಭಾಷೆಯ ಪದಗಳನ್ನು ಯಂತ್ರದಲ್ಲಿ ರೋಮನ್ ಲಿಪಿಯಲ್ಲಿ ಬರೆಯಬೇಕು. ವಾಚಕರ ಅನುಕೂಲಕ್ಕಾಗಿ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ.

ಟೈಪ್ ಮಿಲಿಗ್ರಾಂ ಈಸ್ ನ್ಯೂ ಫ್ಲೋಟ್ ರೇಂಜ್ 0.0 .. 1000.0;
ಟೈಪ್ ಮಿಲಿಲೀಟರ್ ಈಸ್ ನ್ಯೂ ಫ್ಲೋಟ್ ರೇಂಜ್ 0.0 .. 100.0;

ಫ್ಲೋಟ್ ಎಂದರೆ ದಶಮಾಂಶವುಳ್ಳ ಸಂಖ್ಯೆ. ನ್ಯೂ ಎಂದೊಡನೆ ಅದರಿಂದ ಹೊಸದೊಂದು ಬಗೆ ಹುಟ್ಟುತ್ತದೆ. ರೇಂಜ್ ಎಂಬುದು ಅದರ ಎಲ್ಲೆ. ಪ್ರತಿ ವಾಕ್ಯವೂ ಅರ್ಧವಿರಾಮದಿಂದ ಮುಗಿಯಬೇಕು.

ಈಗ ಒಂದು ಮಿಲಿಗ್ರಾಮನ್ನು ಒಂದು ಮಿಲಿಲೀಟರಿಗೆ ಕೂಡಿಸಲು ಹೊರಟರೆ ಕಂಪೈಲರ್ ನಿರಾಕರಿಸುತ್ತದೆ. ಎರಡೂ ಸಂಖ್ಯೆಗಳೇ ಅಲ್ಲವೆ ಎಂಬ ವಾದವನ್ನು ಅದು ಒಪ್ಪುವುದಿಲ್ಲ. ಕ್ರಮವಿಧಿ ಓಡುವ ಮೊದಲೇ, ರೋಗಿಯ ಬಳಿಗೆ ಹೋಗುವ ಮೊದಲೇ ತಪ್ಪು ಸಿಕ್ಕಿಬೀಳುತ್ತದೆ. ಎಲ್ಲೆ ಮೀರಿದ ಬೆಲೆಯಾದರೋ ಕ್ರಮವಿಧಿ ಓಡುತ್ತಿರುವಾಗ ಎಚ್ಚರಿಕೆಯನ್ನು ಎಬ್ಬಿಸುತ್ತದೆ.

ಕಾರ್ಯವಿಧಾನ

ದೊಡ್ಡ ಕೆಲಸವನ್ನು ಹೆಸರಿಟ್ಟ ಸಣ್ಣ ಕೆಲಸಗಳಾಗಿ ಒಡೆಯುವುದು ಈ ಭಾಷೆಗಳ ಎರಡನೆಯ ಲಕ್ಷಣ. ಏನನ್ನಾದರೂ ಮಾಡಿ ಮುಗಿಸುವುದು ಪ್ರೊಸೀಜರ್. ಲೆಕ್ಕ ಹಾಕಿ ಒಂದು ಬೆಲೆಯನ್ನು ಮರಳಿ ಕೊಡುವುದು ಫಂಕ್ಷನ್. ನಮ್ಮ ಸೀಸೆಯ ಲೆಕ್ಕಕ್ಕೆ ಫಂಕ್ಷನ್ ಸಾಕು:

ಫಂಕ್ಷನ್ ಅಳತೆ (ಅಗತ್ಯ, ಐದರಲ್ಲಿ : ಮಿಲಿಗ್ರಾಂ) ರಿಟರ್ನ್ ಮಿಲಿಲೀಟರ್ ಈಸ್
ಬಿಗಿನ್
    ರಿಟರ್ನ್ ಮಿಲಿಲೀಟರ್ (ಅಗತ್ಯ / ಐದರಲ್ಲಿ) * 5.0;
ಎಂಡ್ ಅಳತೆ;

‘ಅಗತ್ಯ’ ಎಂಬುದು ಮಗುವಿಗೆ ಬೇಕಾದ ಔಷಧ. ‘ಐದರಲ್ಲಿ’ ಎಂಬುದು 5 ಮಿಲಿಲೀಟರಿನಲ್ಲಿರುವ ಔಷಧ. ಅಗತ್ಯ 250 ಆಗಿದ್ದು ಸೀಸೆ 125ರದ್ದಾದರೆ ಉತ್ತರ 10 ಮಿಲಿಲೀಟರ್. ಸೀಸೆ 250ರದ್ದಾದರೆ 5. ಒಂದು ಬಗೆಯಿಂದ ಇನ್ನೊಂದಕ್ಕೆ ದಾಟುವ ಸ್ಥಳದಲ್ಲಿ ‘ಮಿಲಿಲೀಟರ್’ ಎಂದು ಬಾಯಿಬಿಟ್ಟು ಬರೆದಿರುವುದನ್ನು ಗಮನಿಸಬೇಕು. ಅಡಾ ತಾನಾಗಿ ಊಹಿಸಿ ಬಗೆಯನ್ನು ಬದಲಿಸುವುದಿಲ್ಲ. (ಇದು ಕೇವಲ ಗಣಿತದ ಉದಾಹರಣೆ. ಮಗುವಿನ ಪ್ರಮಾಣವನ್ನು ಅದರ ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು.)

ಇಲ್ಲಿ ಒಂದು ದೋಷವೂ ಅಡಗಿದೆ. ಎರಡು ಬೆಲೆಗಳೂ ಮಿಲಿಗ್ರಾಂ ಆಗಿರುವುದರಿಂದ, ಅವನ್ನು ಅದಲುಬದಲು ಮಾಡಿದರೆ ಕಂಪೈಲರಿಗೆ ತಿಳಿಯದು. ಉತ್ತರ 10ರ ಬದಲು 2.5 ಆದೀತು. ಇದಕ್ಕೂ ಪರಿಹಾರವುಂಟು. ಬೆಲೆ ಕೊಡುವಾಗ ಹೆಸರನ್ನೂ ಜೊತೆಗೆ ಬರೆಯಬಹುದು:

ಅಳತೆ (ಅಗತ್ಯ => 250.0, ಐದರಲ್ಲಿ => 125.0)

ಇನ್ನೂ ಮುಂದೆ ಹೋಗಿ, ಸೀಸೆಯ ಪ್ರಬಲತೆಗೆ ಬೇರೆಯೇ ಒಂದು ಬಗೆಯನ್ನು ಘೋಷಿಸಿದರೆ ಅದಲುಬದಲಾದುದನ್ನು ಕಂಪೈಲರೇ ಹಿಡಿಯುತ್ತದೆ. ಎಷ್ಟು ಬಗೆಗಳಿರಬೇಕೆಂದು ಯೋಚಿಸುವುದೇ ಈ ವಿದ್ಯೆಯ ಅರ್ಧ ಭಾಗ.

ಎಚ್ಚರಿಕೆಗೆ ಓಗೊಡುವವರು ಯಾರು?

ಭಾಷೆ ಬಿಗಿಯಾದ ಮಾತ್ರಕ್ಕೆ ನಾವು ನಿಶ್ಚಿಂತರಾಗಲಾಗದು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಏರಿಯನ್ 5 ರಾಕೆಟ್ಟು ತನ್ನ ಮೊದಲ ಪಯಣಕ್ಕೆ ಹೊರಟು, ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು. ಅದರ ಪಥನಿರ್ದೇಶಕ ಘಟಕದ ಕ್ರಮವಿಧಿ ಅಡಾ ಭಾಷೆಯಲ್ಲಿದ್ದಿತು. ಹಿಂದಿನ ಏರಿಯನ್ 4ರಿಂದ ತಂದದ್ದು. 64 ಬಿಟ್ಟುಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ಟುಗಳ ಪೂರ್ಣಾಂಕವಾಗಿ ಬದಲಿಸುವಾಗ ಅದು ಹಿಡಿಸಲಿಲ್ಲ. 16 ಬಿಟ್ಟುಗಳ ಆ ಪಾತ್ರೆಯಲ್ಲಿ 32767ಕ್ಕಿಂತ ದೊಡ್ಡ ಸಂಖ್ಯೆ ಕೂರದು. ಎಚ್ಚರಿಕೆ ಎದ್ದಿತು, ಆದರೆ ಅದಕ್ಕೆ ಓಗೊಡುವ ಏರ್ಪಾಡು ಆ ಸ್ಥಳದಲ್ಲಿರಲಿಲ್ಲ. ಘಟಕ ಸ್ತಬ್ಧವಾಯಿತು. ಅದೇ ಕ್ರಮವಿಧಿಯಿದ್ದ ಬದಲಿ ಘಟಕವೂ ಅದೇ ಕಾರಣದಿಂದ ಕ್ಷಣಾರ್ಧ ಮೊದಲೇ ನಿಂತುಹೋಗಿದ್ದಿತು.

ಹಳೆಯ ರಾಕೆಟ್ಟಿಗೆ ಸಾಕಾಗಿದ್ದ ಎಲ್ಲೆ ಹೊಸದಕ್ಕೆ ಸಾಲದೆಂದು ಯಾರೂ ಮರುಪರಿಶೀಲಿಸಿರಲಿಲ್ಲ. ಅಳತೆಗೋಲು ಎಷ್ಟೇ ಸರಿಯಾಗಿರಲಿ, ಅಳೆಯುವ ವಸ್ತು ಬದಲಾದಾಗ ಮತ್ತೊಮ್ಮೆ ನೋಡಬೇಕಾದವನು ಮನುಷ್ಯನೇ.

ದೂರದ ನಗರಗಳಲ್ಲಿ ನೆಲೆಸಿರುವ ನಮ್ಮ ಮನೆಗಳ ಮಕ್ಕಳನೇಕರು ಇಂದು ಗಣಕವಿದ್ಯೆಯನ್ನು ಕಲಿಯುತ್ತಿದ್ದಾರೆ. ಕೆಲಸ ಬೇಗ ಸಾಗಿಸುವ ಸಡಿಲವಾದ ಭಾಷೆಗಳು ಅವರಿಗೆ ಸಹಜವಾಗಿಯೇ ಪ್ರಿಯ. ಆದರೂ ಒಮ್ಮೆಯಾದರೂ ಇಂಥ ಕಟ್ಟುನಿಟ್ಟಿನ ಭಾಷೆಯಲ್ಲಿ ಕೈ ಪಳಗಿಸಿಕೊಂಡರೆ, ಸಂಖ್ಯೆಯನ್ನು ಕಂಡೊಡನೆ ‘ಯಾವ ಸೇರು?’ ಎಂದು ಕೇಳುವ ಅಭ್ಯಾಸ ಬೆಳೆಯುತ್ತದೆ. ಮನೆಯ ಹಿರಿಯರಿಗೂ ಈ ಅಭ್ಯಾಸ ಬೇಕಾದದ್ದೇ. ಹೊಸ ಸೀಸೆಯನ್ನು ತೆರೆಯುವ ಮೊದಲು ಕನ್ನಡಕ ಹಾಕಿಕೊಂಡು, ಅದರ ಮೇಲಿನ ಮಿಲಿಗ್ರಾಮನ್ನೂ ಮಿಲಿಲೀಟರನ್ನೂ ಬೇರೆಬೇರೆಯಾಗಿ ಓದಿಕೊಳ್ಳುವುದು ಕ್ಷೇಮ.