ಕಸದ ಡಬ್ಬಕ್ಕೆ ಕವರ್ ನಿಜವಾಗಿಯೂ ಬೇಕಾ?

ಇದು ಈ ಸಂಚಿಕೆಯ ಬರಹ ರೂಪ. ಕೇಳೋದಕ್ಕೆ ಪುರುಸೊತ್ತಿಲ್ಲದವರು ಓದಿಕೊಳ್ಳಬಹುದು.

ಬೇರೆ ಬೇರೆ ದೇಶಗಳಲ್ಲಿರುವ ಕೇಳುಗರಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರ್ತಾ ಇದೆ. "ಮೊದಲು ಅಂಗಡಿಯಲ್ಲಿ ಕೊಡ್ತಿದ್ದ ಕವರನ್ನೇ ಕಸದ ಡಬ್ಬಕ್ಕೆ ಹಾಕ್ತಿದ್ವಿ. ಈಗ ಅಂಗಡಿಯವರು ಕವರ್ ಕೊಡಲ್ಲ. ಹಾಗಾಗಿ ಕಸಕ್ಕೆ ಅಂತಲೇ ಕವರ್ ರೋಲ್ ದುಡ್ಡು ಕೊಟ್ಟು ತರ್ತೀವಿ. ಎಸೆಯೋದಕ್ಕೇ ಕೊಂಡು ತರೋದು! ತೊಳೆದು ಮತ್ತೆ ಮತ್ತೆ ಬಳಸುವಂಥದ್ದು ಏನಾದ್ರೂ ಇದೆಯಾ?"

ಪ್ರಶ್ನೆ ಸಣ್ಣದಾಗಿ ಕಾಣುತ್ತೆ, ಆದರೆ ಸಣ್ಣದಲ್ಲ. ನಾನಿರುವ ಜರ್ಮನಿಯಲ್ಲಿ 2022ರ ಜನವರಿಯಿಂದ ಅಂಗಡಿಗಳು ತೆಳು ಪ್ಲಾಸ್ಟಿಕ್ ಕೈಚೀಲ ಕೊಡುವಂತಿಲ್ಲ. ಕಸದ ಕವರ್ ರೋಲ್‌ಗೆ ಆ ನಿಷೇಧ ಇಲ್ಲ. ಇಂಥ ನಿಷೇಧದಿಂದ ಏನಾಗುತ್ತೆ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞೆ ರೆಬೆಕಾ ಟೇಲರ್ ಕ್ಯಾಲಿಫೋರ್ನಿಯಾದ ಮಾರಾಟದ ಲೆಕ್ಕ ಇಟ್ಟುಕೊಂಡು ನೋಡಿದರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕೈಚೀಲ ನಿಷೇಧದಿಂದ 4 ಕೋಟಿ ಪೌಂಡ್ ಪ್ಲಾಸ್ಟಿಕ್ ಕಡಿಮೆಯಾಯಿತು. ಅದೇ ಹೊತ್ತಿಗೆ ಜನ ಕೊಂಡ ಕಸದ ಕವರ್‌ಗಳ ತೂಕ 1 ಕೋಟಿ 20 ಲಕ್ಷ ಪೌಂಡ್ ಜಾಸ್ತಿಯಾಯಿತು. ಅಂದರೆ ಉಳಿಸಿದ್ದರಲ್ಲಿ ಮೂರನೇ ಒಂದು ಪಾಲಿನ ಹತ್ತಿರ ಹಿಂಬಾಗಿಲಿಂದ ವಾಪಸ್ ಬಂತು. ಸಣ್ಣ ಅಳತೆಯ ಕಸದ ಕವರ್ ಮಾರಾಟವಂತೂ ಎರಡು ಪಟ್ಟಿಗೂ ಮೇಲೆ ಹೋಯಿತು.

ನಿಷೇಧ ವ್ಯರ್ಥ ಅಂತ ಇದರ ಅರ್ಥ ಅಲ್ಲ, ಉಳಿತಾಯವೇ ದೊಡ್ಡದು. ಆದರೆ ಕವರ್ ಮಾಡ್ತಿದ್ದ ಕೆಲಸ ಹಾಗೇ ಉಳಿದಿದ್ದರಿಂದ ಜನ ಅದಕ್ಕೆ ಇನ್ನೊಂದು ಕವರ್ ಹುಡುಕಿಕೊಂಡರು. ಹಾಗಾಗಿ ಬದಲಿ ಏನು ಅಂತ ಕೇಳುವ ಮೊದಲು ಆ ಕೆಲಸ ಏನು ಅಂತ ನೋಡೋಣ.

ಕಸದ ಕವರ್ ಮಾಡೋದು ಮೂರು ಕೆಲಸ. ಡಬ್ಬ ಒದ್ದೆಯಾಗದಂತೆ ತಡೆಯುತ್ತೆ, ವಾಸನೆ ಕಟ್ಟಿಡುತ್ತೆ, ಕಸವನ್ನು ಕೆಳಗೆ ಒಯ್ಯಲು ಚೀಲವಾಗುತ್ತೆ. ಮೂರನೆಯದನ್ನು ಯಾವ ಚೀಲ ಬೇಕಾದರೂ ಮಾಡುತ್ತೆ. ಮೊದಲ ಎರಡಕ್ಕೂ ಕಾರಣ ಒಂದೇ: ನೀರು.

ಅಡುಗೆಮನೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಅಕ್ಕಿಯನ್ನು ಡಬ್ಬದಲ್ಲಿ ಹಾಕಿ ವರ್ಷಗಟ್ಟಲೆ ಇಟ್ಟರೂ ವಾಸನೆ ಬರಲ್ಲ. ಅದೇ ಅಕ್ಕಿಯನ್ನು ಅನ್ನ ಮಾಡಿ ಹೊರಗಿಟ್ಟರೆ ಮಾರನೇ ದಿನಕ್ಕೆ ಹಳಸುತ್ತೆ. ಪಿಷ್ಟ ಅದೇ, ಪ್ರೋಟೀನ್ ಅದೇ. ಮುಖ್ಯ ವ್ಯತ್ಯಾಸ ಏನಂದ್ರೆ ಅನ್ನದಲ್ಲಿ ಬ್ಯಾಕ್ಟೀರಿಯಾಗಳಿಗೆ ಸಿಗುವ ನೀರಿದೆ, ಅಕ್ಕಿಯಲ್ಲಿ ಇಲ್ಲ. ಸೂಕ್ಷ್ಮಜೀವಿಗಳು ಆಹಾರ ಹೀರಿಕೊಳ್ಳಬೇಕಾದರೆ ಅದು ಮೊದಲು ನೀರಿನಲ್ಲಿ ಕರಗಬೇಕು. ಒಣಗಿದ ಜಾಗದಲ್ಲಿ ಅವು ಸಾಯದೇ ಇರಬಹುದು, ಆದರೆ ಬೆಳೆಯೋದಿಲ್ಲ.

ಈಗ ಒದ್ದೆ ಕಸವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿದು ಕಟ್ಟಿ. ಒಳಗಿರುವ ಸ್ವಲ್ಪ ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳು ಬೇಗ ಮುಗಿಸುತ್ತವೆ. ಆಮೇಲೆ ಆಮ್ಲಜನಕ ಬೇಡದ ಗುಂಪಿನವು ಮೇಲುಗೈ ಪಡೆಯುತ್ತವೆ. ಅವು ಬಿಡುವ ಬ್ಯುಟೈರಿಕ್ ಆಮ್ಲಕ್ಕೆ ಕಮಟು ಬೆಣ್ಣೆಯ ನಾತ, ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ನಾತ, ಕೆಲವು ಅಮೀನ್‌ಗಳಿಗೆ ಹಳಸಿದ ಮೀನಿನ ನಾತ. ಕವರ್ ವಾಸನೆಯನ್ನು ಹೊರಗೆ ಬಿಡದೆ ತಡೆಯುತ್ತೆ ಅನ್ನೋದು ನಿಜ. ಆದರೆ ಗಬ್ಬು ವಾಸನೆ ಹುಟ್ಟೋದಕ್ಕೆ ಬೇಕಾದ ವಾತಾವರಣವನ್ನು ಒಳಗೆ ಮಾಡಿಕೊಡೋದೂ ಅದೇ ಕವರ್!

ಹಾಗಾಗಿ ಈ ಸಂಚಿಕೆಯ ಮುಖ್ಯ ಮಾತು ಇಷ್ಟೇ: ಪ್ಲಾಸ್ಟಿಕ್ ಕವರಿಗೆ ಒಳ್ಳೆಯ ಬದಲಿ ಅಂದರೆ ಒಣಗಿರುವ ಡಬ್ಬ. ಹಸಿ ಕಸ ಬೇರೆ ಮಾಡಿದ ಮೇಲೆ ಉಳಿಯುವ ಕಸಕ್ಕೆ ಕವರ್ ಬೇಕಾಗೋದೇ ಅಪರೂಪ.

ಕರ್ನಾಟಕದವರಿಗೆ ಈ ಮಾತು ಹೊಸದಲ್ಲ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರುಗಳಂಥ ಊರುಗಳ ಪಕ್ಕ ಸುರಿಯಲಾಗ್ತಿತ್ತು. ಹಸಿ, ಒಣ ಎಲ್ಲ ಬೆರೆತು, ಕವರಿನೊಳಗೆ ಕಟ್ಟಿಕೊಂಡು ಹೋದ ಕಸ ಅದು. ಆ ಊರಿನ ಜನ ನೊಣ, ನಾತ, ಕೆಟ್ಟ ಅಂತರ್ಜಲ ಸಹಿಸಿ ಸಹಿಸಿ ಕೊನೆಗೆ ಲಾರಿಗಳನ್ನು ತಡೆದರು. 2012ರಲ್ಲಿ ಮಾವಳ್ಳಿಪುರಕ್ಕೆ, 2014ರ ಕೊನೆಗೆ ಮಂಡೂರಿಗೆ ಕಸ ಹೋಗೋದು ನಿಂತಿತು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ 'ಎರಡು ಡಬ್ಬ, ಒಂದು ಚೀಲ' ಕಡ್ಡಾಯ ಮಾಡಿತು. ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪು ಡಬ್ಬಕ್ಕೆ ಡೈಪರ್, ಪ್ಯಾಡ್‌ನಂಥ ಕಸ, ಚೀಲಕ್ಕೆ ಒಣ ಕಸ. ಹಸಿರು ಡಬ್ಬಕ್ಕೆ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಬೇಕಿದ್ದರೆ ನ್ಯೂಸ್‌ಪೇಪರ್ ಹಾಕಿ ಅಂತ ಅದರ ಪ್ರಚಾರದಲ್ಲೇ ಹೇಳ್ತಿದ್ದರು.

ಯಾಕೆ ಅಂದ್ರೆ, ನಾವು ಕಟ್ಟಿದ ಗಂಟನ್ನು ಮುಂದೆ ಯಾರಾದರೂ ಬಿಚ್ಚಲೇಬೇಕು. ಪೌರಕಾರ್ಮಿಕರು ಎಷ್ಟೋ ಸಲ ಬರಿಗೈಯಲ್ಲೇ ಕವರ್ ಹರಿದು ಕಸ ಬೇರೆ ಮಾಡ್ತಾರೆ, ಒಳಗೆ ಒಡೆದ ಗಾಜು ಇದೆಯೋ, ಬ್ಲೇಡ್ ಇದೆಯೋ ಕಾಣಲ್ಲ. ಬೀದಿಯಲ್ಲಿ ಬಿದ್ದ ಕವರನ್ನು ಒಳಗಿನ ಸಿಪ್ಪೆಯ ಆಸೆಗೆ ಹಸು ಪೂರ್ತಿ ನುಂಗುತ್ತೆ. ಹಸು ಮೆಲುಕು ಹಾಕಿ ಎಷ್ಟು ಅಗಿದರೂ ಪ್ಲಾಸ್ಟಿಕ್ ಕರಗಲ್ಲ, ಅದರ ಮೊದಲ ಹೊಟ್ಟೆಯಲ್ಲೇ ಉಂಡೆಯಾಗಿ ಉಳಿಯುತ್ತೆ.

ಸರಿ, ಈಗ ನಮ್ಮ ಮುಂದಿರುವ ದಾರಿಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು, ಏನನ್ನೂ ಹಾಕದೆ ಡಬ್ಬವನ್ನೇ ತೊಳೆಯೋದು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. 10 ಗ್ರಾಂ ತೂಗುವ ಒಂದು ಪಾಲಿಎಥಿಲೀನ್ ಕವರ್ ತಗೊಳ್ಳಿ. ಒಂದು ಕಿಲೋ ಪಾಲಿಎಥಿಲೀನ್‌ಗೆ, ಕಚ್ಚಾ ತೈಲದೊಳಗಿನ ಶಕ್ತಿಯೂ ಸೇರಿ, ಸುಮಾರು 80 ಮೆಗಾಜೂಲ್ ಖರ್ಚಾಗುತ್ತೆ. 10 ಗ್ರಾಂಗೆ 0.8 ಮೆಗಾಜೂಲ್. ಈಗ 5 ಲೀಟರ್ ನೀರನ್ನು 10 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಿ. ಅದಕ್ಕೆ ಬೇಕಾಗೋದು 0.84 ಮೆಗಾಜೂಲ್! ಪ್ರತಿ ಸಲ ಒಂದು ಬಕೆಟ್ ಬಿಸಿನೀರು ಸುರಿದು ಡಬ್ಬ ತೊಳೆದರೆ ಶಕ್ತಿಯ ಲೆಕ್ಕದಲ್ಲಿ ಕವರಿಗಿಂತ ಏನೂ ಲಾಭ ಇಲ್ಲ. ಹಾಗಾಗಿ ತಣ್ಣೀರು ಬಳಸಿ. ತರಕಾರಿ ತೊಳೆದ ನೀರಾದರೆ ಇನ್ನೂ ಒಳ್ಳೆಯದು. ಉಜ್ಜಿ, ಬೋರಲು ಹಾಕಿ ಪೂರ್ತಿ ಒಣಗಿಸಿ. ಬಿಸಿನೀರು ಮಾಡಬೇಕಾದ ಕೆಲಸದಲ್ಲಿ ಹೆಚ್ಚಿನದನ್ನು ಒಣಗಿಸೋದೇ ಮಾಡುತ್ತೆ. ಅಕ್ಕಿ ಮತ್ತು ಅನ್ನದ ಕಥೆ ನೆನಪಿದೆ ಅಲ್ವಾ?

ಎರಡನೆಯದು, ಬಟ್ಟೆ ಚೀಲ. ಕಸದ ಡಬ್ಬಕ್ಕೆ ಅಂತಲೇ ಹೊಲಿದ ಚೀಲಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಕೊಳ್ಳುವ ಮೊದಲು ಒಂದು ಅಂಕಿ ಕೇಳಿ. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಕೈಚೀಲಗಳ ಹುಟ್ಟಿನಿಂದ ಸಾವಿನವರೆಗಿನ ಲೆಕ್ಕ ಪ್ರಕಟಿಸಿತು. ಹವಾಮಾನದ ಮೇಲಿನ ಪರಿಣಾಮ ಮಾತ್ರ ನೋಡಿದರೆ, ಹೊಸ ಹತ್ತಿ ಚೀಲವೊಂದು ತೆಳು ಪ್ಲಾಸ್ಟಿಕ್ ಕೈಚೀಲಕ್ಕೆ ಸಮ ಆಗಬೇಕಾದರೆ ಅದನ್ನು 131 ಸಲ ಬಳಸಬೇಕು. ಆ ಪ್ಲಾಸ್ಟಿಕ್ ಚೀಲಗಳೆಲ್ಲ ಆಮೇಲೆ ಕಸದ ಡಬ್ಬಕ್ಕೂ ಬಳಕೆಯಾದರೆ ಸಂಖ್ಯೆ 327ಕ್ಕೆ ಏರುತ್ತೆ. ಹತ್ತಿ ಬೆಳೆಯೋದಕ್ಕೆ ನೀರು, ಗೊಬ್ಬರ, ನೇಯೋದಕ್ಕೆ ಕರೆಂಟು ಎಲ್ಲ ಬೇಕು ತಾನೇ? ಅದಕ್ಕೆ ನನ್ನ ಸಲಹೆ: ಹೊಸದು ಕೊಳ್ಳಬೇಡಿ. ಹಳೇ ದಿಂಬಿನ ಕವರ್ ಸಾಕು. ಒಣ ಕಸಕ್ಕೆ ಹಾಕಿ, ಕೆಳಗಿನ ದೊಡ್ಡ ಡಬ್ಬಕ್ಕೆ ಸುರಿದು ವಾಪಸ್ ತನ್ನಿ, ಕೊಳೆಯಾದಾಗ ಉಳಿದ ಬಟ್ಟೆ ಜೊತೆ ಮೆಷಿನ್‌ಗೆ ಹಾಕಿ. ಹಸಿ ಕಸಕ್ಕೆ ಮಾತ್ರ ಬಟ್ಟೆ ಬೇಡ, ಅದು ಒದ್ದೆಯಾಗಿ ತಾನೇ ನಾರುತ್ತೆ.

ಮೂರನೆಯದು, ಪೇಪರ್. ಇದನ್ನು ತೊಳೆದು ಬಳಸೋಕಾಗಲ್ಲ, ಆದರೆ ಒಂದು ಸಲ ಓದಿದ್ದಕ್ಕೆ ಎರಡನೇ ಕೆಲಸ ಸಿಗುತ್ತೆ. ಹಸಿ ಕಸದ ಡಬ್ಬದ ತಳಕ್ಕೆ ಎರಡು ಹಾಳೆ ನ್ಯೂಸ್‌ಪೇಪರ್ ಹಾಕಿದರೆ ಅದು ನೀರು ಹೀರುತ್ತೆ. ಕಾಂಪೋಸ್ಟ್‌ಗೂ ಒಳ್ಳೆಯದು. ಅಡುಗೆಮನೆ ಕಸದಲ್ಲಿ ಸಾರಜನಕ ಜಾಸ್ತಿ, ಪೇಪರ್‌ನಲ್ಲಿ ಇಂಗಾಲ ಜಾಸ್ತಿ. ಎರಡೂ ಸೇರಿದರೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹದವಾದ ಊಟ. ಮನೆಗೆ ಪೇಪರ್ ಬರಲ್ಲ ಅನ್ನುವವರಿಗೆ ಬೇಕರಿಯ ಕಾಗದದ ಚೀಲ ಇದೆ, ಮೊಟ್ಟೆಯ ರಟ್ಟಿನ ಟ್ರೇ ಇದೆ. ಮಿರಮಿರ ಮಿಂಚುವ ಬಣ್ಣದ ಕಾಗದ ಮಾತ್ರ ಬೇಡ.

ನಾಲ್ಕನೆಯದು, 'ಕಾಂಪೋಸ್ಟೆಬಲ್' ಅಂತ ಬರೆದ ಹಸಿರು ಕವರ್. ಇಲ್ಲಿ ಹುಷಾರಾಗಿರಿ. ಯುರೋಪಿನ ಇಎನ್ 13432 ಮಾನದಂಡ ದೊಡ್ಡ ಕಾಂಪೋಸ್ಟ್ ಘಟಕಗಳಿಗೆ ಸಂಬಂಧಿಸಿದ್ದು. ಅಲ್ಲಿನ ಬಿಸಿಯಲ್ಲಿ 12 ವಾರಗಳೊಳಗೆ ಕವರಿನ ಶೇ. 90ರಷ್ಟು ಭಾಗ 2 ಮಿಲಿಮೀಟರ್‌ಗಿಂತ ಸಣ್ಣ ಚೂರಾಗಬೇಕು. ಮಣ್ಣಲ್ಲಿ ಎಸೆದರೂ ಕರಗುತ್ತೆ ಅಂತ ಅದು ಎಲ್ಲೂ ಹೇಳಲ್ಲ. ಪ್ಲಿಮತ್ ವಿಶ್ವವಿದ್ಯಾಲಯದ ಇಮೊಜೆನ್ ನ್ಯಾಪರ್ ಮತ್ತು ರಿಚರ್ಡ್ ಥಾಂಪ್ಸನ್ ಬೇರೆ ಬೇರೆ ಚೀಲಗಳನ್ನು ಗಾಳಿ, ಮಣ್ಣು, ಸಮುದ್ರದಲ್ಲಿ ಮೂರು ವರ್ಷ ಬಿಟ್ಟು ನೋಡಿದರು. ಅವರು ಪರೀಕ್ಷಿಸಿದ ಕಾಂಪೋಸ್ಟೆಬಲ್ ಚೀಲ ಸಮುದ್ರದಲ್ಲಿ ಮೂರು ತಿಂಗಳಲ್ಲಿ ಮಾಯವಾಯಿತು, ಮಣ್ಣಲ್ಲಿ 27 ತಿಂಗಳಾದರೂ ಇತ್ತು. 'ಬಯೋಡಿಗ್ರೇಡೆಬಲ್' ಅಂತ ಬರೆದಿದ್ದ ಚೀಲವಂತೂ ಮೂರು ವರ್ಷ ಮಣ್ಣಲ್ಲಿದ್ದ ಮೇಲೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು.

ಜರ್ಮನಿಯ ಎಷ್ಟೋ ಊರುಗಳಲ್ಲಿ ಹಸಿ ಕಸದ ಕಂದು ಡಬ್ಬಕ್ಕೆ ಈ ಕವರನ್ನೂ ಹಾಕುವಂತಿಲ್ಲ. ಬೇರ್ಪಡಿಸುವ ಯಂತ್ರಕ್ಕೆ ಯಾವುದು ಯಾವ ಕವರ್ ಅಂತ ಗೊತ್ತಾಗಲ್ಲ, ಜೊತೆಗೆ ಹಲವು ಘಟಕಗಳಲ್ಲಿ ಕಾಂಪೋಸ್ಟ್ 12 ವಾರಕ್ಕಿಂತ ಬೇಗ ತಯಾರಾಗುತ್ತೆ. ಕರಗದೆ ಉಳಿದ ಚೂರು ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತೆ. ಒಮ್ಮೆ ಹೊಲದ ಮಣ್ಣಿಗೆ ಸೇರಿದ ಪ್ಲಾಸ್ಟಿಕ್ ಚೂರನ್ನು ವಾಪಸ್ ಆರಿಸುವ ಉಪಾಯ ಯಾರ ಹತ್ತಿರವೂ ಇಲ್ಲ. 2025ರ ಮೇ ತಿಂಗಳಿಂದ ಇಲ್ಲಿ ಈ ಬಗ್ಗೆ ನಿಯಮ ಇನ್ನೂ ಬಿಗಿಯಾಗಿದೆ. ನಿಮ್ಮೂರಿನ ನಿಯಮ ಬೇರೆ ಇರಬಹುದು. ಕೆಲವು ಕಡೆ ಇದೇ ಕವರ್ ಬಳಸಿ ಅಂತಲೇ ಹೇಳ್ತಾರೆ. ಹಾಗಾಗಿ ಸ್ಥಳೀಯ ನಿಯಮ ಒಮ್ಮೆ ನೋಡಿಕೊಳ್ಳಿ.

ಇನ್ನು ನೊಣದ ವಿಷಯ. ಬಾಳೆಹಣ್ಣಿನ ಸುತ್ತ ಹಾರಾಡುವ ಪುಟ್ಟ ನೊಣ ಡ್ರೊಸೊಫಿಲಾ, ಜೀವಶಾಸ್ತ್ರದ ಲ್ಯಾಬ್‌ಗಳಿಗೆ ಹಳೇ ನೆಂಟ. 25 ಡಿಗ್ರಿಯಲ್ಲಿ ಅದರ ಮೊಟ್ಟೆ ನೊಣವಾಗಲು ಸುಮಾರು 10 ದಿನ ಬೇಕು. ಎಷ್ಟೋ ಸಲ ಮೊಟ್ಟೆ ಹಣ್ಣಿನ ಸಿಪ್ಪೆಯ ಜೊತೆಗೇ ಮನೆಗೆ ಬರುತ್ತೆ. ಹಾಗಾಗಿ ಮೂರು ನಾಲ್ಕು ದಿನಕ್ಕೊಮ್ಮೆ ಹಸಿ ಕಸ ಹೊರಗೆ ಹೋದರೆ ಡಬ್ಬದಲ್ಲಿ ಹೊಸ ಪೀಳಿಗೆ ಏಳೋದಿಲ್ಲ. ಕಸದ ಗಾಡಿ ವಾರಕ್ಕೊಮ್ಮೆ ಮಾತ್ರ ಬರೋದಾದರೆ ಮೀನು, ಮಾಂಸದ ಉಳಿಕೆಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಗಾಡಿ ಬರುವ ದಿನ ತೆಗೆದು ಹಾಕಿ.

ಕವರ್ ಬೇಕೇ ಬೇಕು ಅನ್ನುವ ಜಾಗಗಳೂ ಇವೆ. ಡೈಪರ್, ಪ್ಯಾಡ್, ಬೆಕ್ಕಿನ ಮಲ, ಮನೆಯಲ್ಲಿ ವಾಂತಿ ಭೇದಿಯ ರೋಗಿ ಇದ್ದಾಗಿನ ಕಸ, ಇವನ್ನು ಕಟ್ಟಿಯೇ ಹಾಕಬೇಕು. ಕಸವನ್ನು ಕೊಳವೆಯಲ್ಲಿ ಕೆಳಗೆ ಬಿಡುವ ಕಟ್ಟಡಗಳಲ್ಲಿ ಬಿಡಿ ಕಸ ಹಾಕಿದರೆ ಕೆಳಗೆ ಎತ್ತುವವರಿಗೆ ಕಷ್ಟ. ಅಂಥಲ್ಲಿ ಹೊಸ ರೋಲ್ ತರುವ ಮೊದಲು ಮನೆಗೆ ಹೇಗೂ ಬಂದಿರುವ ಅಕ್ಕಿ, ಹಿಟ್ಟು, ಬ್ರೆಡ್ಡಿನ ಪ್ಯಾಕೆಟ್ ಬಳಸಿ. ನಮ್ಮ ಅಜ್ಜಿಯಂದಿರು ಹಾಲಿನ ಕವರ್ ತೊಳೆದು ಒಣಹಾಕ್ತಿದ್ದರಲ್ಲ, ಅದೇ ಬುದ್ಧಿ.

ಕೊನೆಗೆ ಒಂದು ಮನೆಗೆಲಸ. ಬರುವ ವಾರ ಸಿಂಕಿನಲ್ಲಿ ಒಂದು ಜಾಲರಿ ಇಡಿ. ಟೀ ಚರಟ, ಸಾರಿನ ಉಳಿಕೆ, ತರಕಾರಿ ಸಿಪ್ಪೆ ಎಲ್ಲ ಅದರಲ್ಲಿ ನೀರು ಬಸಿದ ಮೇಲೆಯೇ ಪೇಪರ್ ಹಾಕಿದ ಡಬ್ಬಕ್ಕೆ ಹೋಗಲಿ. ಮಿಕ್ಕ ಡಬ್ಬಗಳಿಗೆ ಕವರ್ ಬೇಡ. ವಾರದ ಕೊನೆಗೆ ಎರಡು ವಿಷಯ ಬರೆದಿಡಿ: ಎಷ್ಟು ಕವರ್ ಉಳಿಯಿತು, ಡಬ್ಬ ಎಷ್ಟು ನಾರಿತು. ಮನೆಯಲ್ಲಿ ಮಕ್ಕಳಿದ್ದರೆ ಮೂಗಿನ ಪರೀಕ್ಷೆ ಅವರಿಗೇ ಬಿಡಿ, ಅವರು ಮುಲಾಜಿಲ್ಲದೆ ಹೇಳ್ತಾರೆ. ಫಲಿತಾಂಶ ನಮಗೂ ಬರೆದು ಕಳಿಸಿ, ಊರಿನ ಹೆಸರು ಮತ್ತು ಅಲ್ಲಿನ ಸೆಕೆ ಎಷ್ಟು ಅನ್ನೋದರ ಜೊತೆಗೆ. ದುಬೈನ ಜುಲೈಗೂ ಮ್ಯೂನಿಕ್‌ನ ಜನವರಿಗೂ ಒಂದೇ ಉತ್ತರ ಬರಲಾರದು.