ಎಂಟನೇ ಕ್ಲಾಸಿನ ಮನಸ್ಸನ್ನು ಓದುವುದು ಹೇಗೆ?

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ, ಮೇಷ್ಟ್ರಾಗಬೇಕೆಂದು ಓದುತ್ತಿರುವವರಿಗೆ ಹದಿಹರೆಯದ ಮನೋವಿಜ್ಞಾನ ತಪ್ಪಿದ್ದಲ್ಲ. ಟಿಇಟಿಯ ಎರಡೂ ಪತ್ರಿಕೆಗಳಲ್ಲಿ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30 ಅಂಕಗಳಿವೆ. ಬಿ.ಇಡಿ.ಗೆ ಹೋದರೆ ವ್ಯಕ್ತಿ ಅಧ್ಯಯನದ ರೆಕಾರ್ಡು ಬರೆಯಬೇಕು. ಬಹಳ ಮಂದಿ ಸೀನಿಯರ್‌ಗಳ ರೆಕಾರ್ಡನ್ನೇ ಇಳಿಸಿಕೊಳ್ಳುತ್ತಾರೆ. ಹಾಗಾಗಿ ಒಬ್ಬನೇ ‘ರಮೇಶ’ ವರ್ಷಾನುವರ್ಷ ಗಣಿತದಲ್ಲಿ ಹಿಂದುಳಿದೇ ಇದ್ದಾನೆ! ಅವನನ್ನು ಬಿಟ್ಟು ನಿಜವಾದ ಒಂದು ಮಗುವನ್ನು ಓದುವ ದಾರಿ ಇಲ್ಲಿದೆ.

ಮೊದಲು ವಯಸ್ಸಿನ ಗಡಿ ಗೊತ್ತುಮಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹದಿಹರೆಯ ಎಂದರೆ 10ರಿಂದ 19 ವರ್ಷ. ಹುಡುಗಿಯರ ಮೈ ಬದಲಾಗುವುದು ಹುಡುಗರಿಗಿಂತ ಒಂದೆರಡು ವರ್ಷ ಮೊದಲು. ಏಳನೇ ಕ್ಲಾಸಿನ ಗ್ರೂಪ್ ಫೋಟೊ ನೋಡಿದರೆ ಸಾಕು, ಬೇರೆ ಪುರಾವೆ ಬೇಡ.

ಆಮೇಲೆ ಸಿದ್ಧಾಂತಗಳು. ಹೆಸರು, ಇಸವಿ ಉರು ಹೊಡೆಯುವುದಕ್ಕಿಂತ ಯಾರು ಯಾರ ಮಾತಿಗೆ ಎದುರಾಡಿದರು ಎಂದು ನೋಡಿ. 1904ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಹಾಲ್ ಹದಿಹರೆಯವನ್ನು ಬಿರುಗಾಳಿಯ ಕಾಲವೆಂದು ಕರೆದರು. ಸಮೋವಾ ದ್ವೀಪದ ಹುಡುಗಿಯರ ಬಗ್ಗೆ 1928ರಲ್ಲಿ ಪುಸ್ತಕ ತಂದ ಮಾರ್ಗರೆಟ್ ಮೀಡ್, ಗಾಳಿ ಏಳುವುದೂ ಬಿಡುವುದೂ ಮಕ್ಕಳನ್ನು ಬೆಳೆಸುವ ಸಮಾಜದ ಮೇಲಿದೆ ಎಂದು ವಾದಿಸಿದರು. 1983ರಲ್ಲಿ ಡೆರೆಕ್ ಫ್ರೀಮನ್ ಮೀಡ್ ಅವರನ್ನೇ ತರಾಟೆಗೆ ತೆಗೆದುಕೊಂಡರು. ‘ನಾನು ಯಾರು?’ ಎಂಬ ಹುಡುಕಾಟವೇ ಈ ವಯಸ್ಸಿನ ಮುಖ್ಯ ಕೆಲಸವೆಂದ ಎರಿಕ್ ಎರಿಕ್‌ಸನ್ ಅವರನ್ನು ಓದಲು ಒಂದು ಸಂಜೆ ಸಾಕು.

ಪಿಯಾಜೆಯನ್ನು ಮಾತ್ರ ಓದಿ ಬಿಡಬೇಡಿ, ಮಾಡಿ ನೋಡಿ. ಸುಮಾರು 11–12ರ ನಂತರ ಮಕ್ಕಳು ಕಣ್ಣಮುಂದೆ ಇಲ್ಲದ್ದನ್ನೂ ‘ಹೀಗಿದ್ದರೆ ಏನಾದೀತು’ ಎಂದು ತರ್ಕಿಸಬಲ್ಲರು ಎಂಬುದು ಅವರ ಮಾತು. ಇದಕ್ಕೆ ಅವರು ಮತ್ತು ಬಾರ್ಬೆಲ್ ಇನ್‌ಹೆಲ್ಡರ್ ಬಳಸಿದ ಲೋಲಕದ ಪ್ರಯೋಗಕ್ಕೆ ಕಾಸು ಖರ್ಚಿಲ್ಲ. ದಾರ, ಒಂದು ಸಣ್ಣ ಕಲ್ಲು, ಒಂದು ದೊಡ್ಡ ಕಲ್ಲು, ಕಿಟಕಿಯ ಸರಳು ಇದ್ದರಾಯಿತು. ‘ಬೇಗ ಬೇಗ ತೂಗಬೇಕಾದರೆ ಏನು ಮಾಡಬೇಕು?’ ಎಂದು ಕೇಳಿ ಸುಮ್ಮನಿರಿ. ಆರನೇ ಕ್ಲಾಸಿನವರಲ್ಲಿ ಹಲವರು ಕಲ್ಲನ್ನೂ ಬದಲಿಸಿ, ದಾರವನ್ನೂ ಗಿಡ್ಡ ಮಾಡಿ, ಜೋರಾಗಿ ತಳ್ಳಿ, ‘ಕಲ್ಲು ಹಗುರ ಇದ್ದದ್ದಕ್ಕೇ’ ಎನ್ನುತ್ತಾರೆ. ಕಲ್ಲು ಅದೇ ಇರಲಿ, ದಾರ ಮಾತ್ರ ಬದಲಿಸೋಣ ಎನ್ನುವ ಮಗು ಸಿಕ್ಕರೆ ಪಿಯಾಜೆ ಹೇಳಿದ ಅಮೂರ್ತ ಚಿಂತನೆ ನಿಮ್ಮ ಕಣ್ಣೆದುರಿಗಿದೆ. ಉತ್ತರ ದಾರದ ಉದ್ದವೇ. ಆದರೆ ನೀವು ಬರೆದುಕೊಳ್ಳಬೇಕಾದ್ದು ಉತ್ತರವನ್ನಲ್ಲ, ಮಗು ಅಲ್ಲಿಗೆ ಬಂದ ದಾರಿಯನ್ನು. ಹತ್ತನೇ ಕ್ಲಾಸಿನಲ್ಲೂ ಎಡವುವವರಿದ್ದಾರೆ. ವಯಸ್ಸಾದ ಮಾತ್ರಕ್ಕೆ ತರ್ಕ ಬರುವುದಿಲ್ಲ.

ಪಾವಗಡದಲ್ಲಿ ಒಂದು ಎಚ್ಚರ. ಆಂಧ್ರದ ಗಡಿ ಸುತ್ತುವರಿದ ಈ ತಾಲ್ಲೂಕಿನ ಎಷ್ಟೋ ಮನೆಗಳ ಮಾತು ತೆಲುಗು. ಕನ್ನಡದಲ್ಲಿ ಕೇಳಿದಾಗ ತಲೆ ತಗ್ಗಿಸಿದ ಹುಡುಗನಿಗೆ ಅದೇ ಪ್ರಶ್ನೆಯನ್ನು ತೆಲುಗಿನಲ್ಲಿ ಹಾಕಿ ನೋಡಿ, ಆಮೇಲೆ ಷರಾ ಬರೆಯಿರಿ.

ಮಗುವನ್ನು ಆರಿಸಿಕೊಂಡ ಮೇಲೆ ಹೆಡ್‌ಮಾಸ್ಟರ ಮತ್ತು ಮನೆಯವರ ಒಪ್ಪಿಗೆ ಪಡೆಯಿರಿ. ನೋಟ್‌ಬುಕ್ಕಿನ ಪುಟದ ಮಧ್ಯೆ ಗೆರೆ ಎಳೆದು, ಎಡಕ್ಕೆ ಕಂಡದ್ದು, ಬಲಕ್ಕೆ ನಿಮಗನ್ನಿಸಿದ್ದು. ‘ಸೋಮಾರಿ’ ಎಂಬುದು ಎಡಗಡೆ ಬರಕೂಡದು. ‘ಮೊದಲ ಪಿರಿಯಡ್ಡಿನಲ್ಲಿ ಎರಡು ಸಲ ಡೆಸ್ಕಿನ ಮೇಲೆ ತಲೆಯಿಟ್ಟ’ ಎಂದು ಬರಬಹುದು. ಈ ವಯಸ್ಸಿನಲ್ಲಿ ನಿದ್ದೆಯ ಗಡಿಯಾರವೇ ತಡರಾತ್ರಿಗೆ ಸರಿಯುತ್ತದೆ; ಬೆಳಗಿನ ಮೊದಲ ಬಸ್ಸು ಮಾತ್ರ ಸರಿಯುವುದಿಲ್ಲ. ಮೊಡವೆ ಎದ್ದ ದಿನ ಎದ್ದುನಿಂತು ಓದಲು ಒಲ್ಲೆ ಎನ್ನುವ ಹುಡುಗಿಯದು ಮೊಂಡುತನವಲ್ಲ. ಎಲ್ಲರ ಕಣ್ಣೂ ತನ್ನ ಮೇಲೇ ಇದೆ ಎಂಬ ಈ ಭಾವನೆಯನ್ನು ಡೇವಿಡ್ ಎಲ್ಕಿಂಡ್ 1967ರಲ್ಲಿ ‘ಕಾಲ್ಪನಿಕ ಪ್ರೇಕ್ಷಕರು’ ಎಂದು ವಿವರಿಸಿದರು.

ಹಾಜರಿ ಪುಸ್ತಕವನ್ನೂ ತಿರುವಿಹಾಕಿ. ಕಡಲೇಕಾಯಿ ಕೀಳುವ ಕಾಲದ ಗೈರುಹಾಜರಿ ಬೇರೆ, ತಿಂಗಳಿಗೊಮ್ಮೆ ಸತತವಾಗಿ ಬೀಳುವ ಗೈರುಹಾಜರಿ ಬೇರೆ. ಶಿರಾ ಸುತ್ತಿನ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಹಟ್ಟಿಯಾಚೆ ಇರಿಸುವ ರೂಢಿ ಪೂರ್ತಿ ಹೋಗಿಲ್ಲ. ಮೈನೆರೆದ ಹುಡುಗಿ ಇದನ್ನು ಹೇಗೆ ಅರಗಿಸಿಕೊಳ್ಳುತ್ತಾಳೆ ಎಂಬುದಕ್ಕೆ ಹಾಲ್ ಅವರಲ್ಲಿ ಉತ್ತರವಿಲ್ಲ; ಮೀಡ್ ಕೇಳಿದಂಥ ಪ್ರಶ್ನೆಯೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಈ ವಿಷಯವನ್ನು ಹುಡುಗಿಯ ಹತ್ತಿರ ಮೇಡಂ ಒಬ್ಬರೇ ಮಾತಾಡಲಿ, ಅವಳಿಗೆ ಇಷ್ಟವಿದ್ದರೆ ಮಾತ್ರ.

ರೆಕಾರ್ಡಿನಲ್ಲಿ ಮಗುವಿನ ಹೆಸರು, ಊರು, ಫೋಟೊ ಬೇಡ. ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಭಾಷೆ ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಅಂಥ ವೇಳೆ, ಅಥವಾ ಮದುವೆಯ ಮಾತು ಕಿವಿಗೆ ಬಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ. ಮಂಕು, ಭಯ, ಸಾಯುವ ಮಾತು ಕಂಡರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಯಾವ ದಿನ, ಯಾವ ಕೊಠಡಿಯಲ್ಲಿ ನಡೆಯುತ್ತದೆ ಎಂದು ಅಧ್ಯಯನ ಶುರುಮಾಡುವ ಮೊದಲೇ ಹೋಗಿ ವಿಚಾರಿಸಿಕೊಂಡು ಬನ್ನಿ.